ಉಪ್ಪು ತೊಳೆಯಲು ಬಂದವರು

ಸಮುದ್ರ ನೋಡಲೆಂದೇ ಜನ ಊರು ಬಿಟ್ಟು ಬರುತ್ತಾರೆ ಎಂಬುದು ನನಗೆ ಹನ್ನೊಂದು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ. ಮಂಗಳೂರಿನಿಂದ ಹೊಳೆ ದಾಟಿದರೆ ಉಳ್ಳಾಲ. ಉಳ್ಳಾಲದ ಪಡುವಣ ತುದಿಯಲ್ಲಿ ನಮ್ಮ ಮನೆ, ಮನೆಯ ಹಿಂದೆ ನಾಲ್ಕು ಸಾಲು ತೆಂಗು, ಅದರಾಚೆ ಸಮುದ್ರ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ನಾವು ಯಾರೂ ಅದನ್ನು ನಿಂತು ನೋಡಿದವರಲ್ಲ. ಮೀನು ಹಿಡಿಯುವವರಿಗೆ ಅದು ದುಡಿಮೆ, ನಮಗೆ ಮಳೆಗಾಲದ ಹೆದರಿಕೆ, ಅಷ್ಟೆ.

ಅಲ್ಲಿಯವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ರಾಜ್ಯ ಒಂದಾದ ಮೇಲೆ ಘಟ್ಟದ ಮೇಲಿನವರಿಗೆ ಇದ್ದಕ್ಕಿದ್ದಂತೆ ತಮ್ಮದೇ ಒಂದು ಸಮುದ್ರ ಸಿಕ್ಕಿತು. ಸಿಕ್ಕಿದ ಮೇಲೆ ನೋಡದೆ ಬಿಡುತ್ತಾರೆಯೇ? ದೀಪಾವಳಿ ಕಳೆದದ್ದೇ ತಡ, ಶಾಲೆಯ ಮಕ್ಕಳು, ಮೇಷ್ಟರುಗಳು, ಹೊಸದಾಗಿ ಮದುವೆಯಾದವರು, ಮೂಟೆ ಕಟ್ಟಿಕೊಂಡ ಸಂಸಾರಗಳು ದೋಣಿಯಲ್ಲಿ ಹೊಳೆ ದಾಟಿ ಬರತೊಡಗಿದರು. ತೆರೆ ಕಂಡೊಡನೆ ಬಟ್ಟೆ ಸಮೇತ ನೀರಿಗೆ ಬೀಳುವರು. ಒಂದು ಗಂಟೆ ಕುಣಿದು ಮೇಲೆ ಬಂದರೆ ಮೈಯೆಲ್ಲ ಅಂಟು, ಕಣ್ಣು ಉರಿ. ಉಪ್ಪು ತೊಳೆದುಕೊಳ್ಳಲು ಸಿಹಿನೀರು ಬೇಕು. ದಡದಿಂದ ಮೇಲೆ ಬಂದರೆ ಮೊದಲು ಸಿಗುವುದು ನಮ್ಮ ಬಾವಿ.

ಆ ಬಾವಿ ನನ್ನ ಅಮ್ಮನದು. ನಮ್ಮಲ್ಲಿ ಮನೆ ಹೆಣ್ಣಿಗೆ ಬರುವುದು. ಅಜ್ಜಿಯಿಂದ ಅಮ್ಮನಿಗೆ ಮನೆಯೂ ಬಂತು, ಬಾವಿಯೂ ಬಂತು. ಕೆಂಪು ಮುರಕಲ್ಲು ಕಟ್ಟಿದ ಬಾವಿ, ಆಳ ಹೆಚ್ಚಿಲ್ಲ. ನೀರು ತುಂಬಿದ್ದಾಗಲೂ ಮೇಲಿನಿಂದ ಬಗ್ಗಿದರೆ ತಳದ ಮರಳು ಕಾಣುತ್ತಿತ್ತು. ಸಮುದ್ರದ ಇಷ್ಟು ಹತ್ತಿರ ಇಂಥ ಸಿಹಿನೀರು ಹೇಗೆ ಎಂದು ನೆಂಟರೆಲ್ಲ ಆಶ್ಚರ್ಯಪಡುತ್ತಿದ್ದರು. ಅಮ್ಮನಿಗೆ ಅದೇ ಒಡವೆ. ಅಂಗಳಕ್ಕೆ ಯಾರೇ ಕಾಲಿಡಲಿ, ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಟ್ಟ ಮೇಲೆಯೇ ಎಲ್ಲಿಯವರು ಎಂತ ಎಂದು ಕೇಳುವುದು. ಘಟ್ಟದವರಿಗೂ ಹಾಗೆಯೇ ಕೊಟ್ಟಳು. ಮನೆಯಲ್ಲಿ ನಾವು ಆಡುವುದು ತುಳು. ಅಮ್ಮನ ಕನ್ನಡ ನಾಲ್ಕನೇ ತರಗತಿಯದು. "ನೀರು ಉಂಟು, ಬನ್ನಿ ಮಕ್ಕಳೇ" ಎಂದರೆ ಆ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದವು. ಅಮ್ಮನೂ ನಗುತ್ತಿದ್ದಳು.

ಮೊದಮೊದಲು ನನಗೂ ಖುಷಿಯೇ. ಒಬ್ಬರು ಕಿತ್ತಳೆ ಕೊಡುವರು, ಇನ್ನೊಬ್ಬರು ಹೆಸರು ಕೇಳುವರು. ಹತ್ತು ಜನ ಬಂದರೆ ಅದು ಖುಷಿ. ನಲವತ್ತು ಜನ ಬಂದು, ಅವರು ಹೋಗುವ ಮೊದಲು ಇನ್ನೂ ನಲವತ್ತು ಜನ ಬಂದರೆ? ಬಾವಿಕಟ್ಟೆಯ ಮೇಲೆ ಸಾಬೂನಿನ ನೊರೆ, ಬಸಳೆ ಚಪ್ಪರದ ಬುಡದಲ್ಲಿ ಎಂಜಲೆಲೆ, ಅಂಗಳದ ತುಂಬ ಒದ್ದೆ ಮರಳು. ಹಗ್ಗ ಎರಡು ತಿಂಗಳಿಗೆ ಸವೆಯುತ್ತಿತ್ತು. ಸೇತುವೆಯಾದ ಮೇಲಂತೂ ಕೇಳುವುದೇ ಬೇಡ, ಬಸ್ಸುಗಳು ನಮ್ಮ ತೆಂಗಿನ ನೆರಳಿಗೇ ಬಂದು ನಿಲ್ಲತೊಡಗಿದವು. ಆಗ ನನಗೆ ಹತ್ತೊಂಬತ್ತು. ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ.

ನಮ್ಮಿಂದ ನೂರು ಹೆಜ್ಜೆ ಮೂಡಕ್ಕೆ ಒಬ್ಬ ವಿಧವೆಯ ಮನೆ. ಅಮ್ಮ ಅವರನ್ನು ಅಕ್ಕ ಎಂದು ಕರೆಯುತ್ತಿದ್ದಳು. ಅವರು ಎರಡನೆಯ ವರ್ಷವೇ ತಮ್ಮ ಬಾವಿಯ ಸುತ್ತ ಮುಳ್ಳಿನ ಬೇಲಿ ಹಾಕಿಸಿ, ಬಾಯಿಗೆ ಹಲಗೆ ಮುಚ್ಚಿ ಬೀಗ ಜಡಿದರು. ನೀರಿಗೆ ಬೀಗ ಹಾಕಿದವಳು ಎಂದು ಊರೆಲ್ಲ ಆಡಿಕೊಂಡಿತು. ಅಮ್ಮ ಕೂಡ, "ಆ ಅಕ್ಕನಿಗೆ ಸಾಯುವಾಗ ಬಾಯಿಗೆ ನೀರು ಬಿಡುವವರು ಯಾರೋ" ಎಂದು ಒಮ್ಮೆ ಅಂದುಬಿಟ್ಟಳು. ನನ್ನ ಅಮ್ಮ ಯಾರ ಬಗ್ಗೆಯೂ ಆಡಿದ ಅತ್ಯಂತ ಕೆಟ್ಟ ಮಾತು ಅದು.

"ನಾವೂ ಮುಚ್ಚುವ" ಎಂದು ನಾನು ದಿನಾ ಜಗಳ ತೆಗೆಯುತ್ತಿದ್ದೆ.

"ಕೇಳಿ ಬಂದವರಿಗೆ ನೀರಿಲ್ಲ ಅಂತ ಹೇಳುವ ನಾಲಗೆ ನನಗಿಲ್ಲ ಮಗಾ."

"ನಿಮ್ಮದು ಊರಿಗೆ ಉಪಕಾರಿ, ಮನೆಗೆ ಮಾರಿ!"

ಹೆತ್ತವಳಿಗೆ ಆಡುವ ಗಾದೆಯಲ್ಲ ಅದು. ಆಡಿದೆ, ಈಗ ನುಂಗಲು ಬರುವುದಿಲ್ಲ.

ಆ ವರ್ಷ ಮಾರ್ಚ್ ತಿಂಗಳಲ್ಲೇ ಕೊಡಪಾನದ ತುಂಬ ಮರಳು ಬರತೊಡಗಿತು. ಬೆಳಗ್ಗೆ ನಾವು ಸೇದಿ ಮುಗಿಸುವ ಮೊದಲೇ ಬಸ್ಸು, ಮಧ್ಯಾಹ್ನಕ್ಕೆ ತಳ. ನೀರು ಕೇಳಿದವರಿಗೆ ಕೆಸರು ಕೊಡಬೇಕಾಯಿತಲ್ಲ ಎಂದು ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅದನ್ನು ನೋಡಲಾರದೆ ಅಪ್ಪ ಬಾವಿ ಇನ್ನೂ ಆಳ ಮಾಡಿಸುವುದೆಂದು ತೀರ್ಮಾನಿಸಿದರು. ಅಪ್ಪ ನಗರದ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಹುಟ್ಟಿ ಬೆಳೆದದ್ದು ಕದ್ರಿಯ ಗುಡ್ಡದ ಬದಿಯಲ್ಲಿ. ಅಲ್ಲಿ ನೀರು ಇಳಿದರೆ ಇನ್ನೆರಡು ಕೋಲು ಆಳ ತೋಡುವುದು, ಕಲ್ಲಿನ ಸಂದಿಯಿಂದ ಒಸರು ಸಿಕ್ಕೇ ಸಿಗುತ್ತದೆ. ಬಾವಿ ಅಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ.

ನಮ್ಮೂರಿನಲ್ಲಿ ಬಾವಿ ತೋಡುವ ಮುದುಕರೊಬ್ಬರಿದ್ದರು. ಅಪ್ಪ ಕರೆಸಿದರು. ಅವರು ಬಗ್ಗಿ ನೋಡಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ತಲೆ ಅಲ್ಲಾಡಿಸಿದರು.

"ಬೇಡ ಧನಿ. ಇಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಕೂತದ್ದು, ಹಾಲಿನ ಮೇಲೆ ಕೆನೆ ಕೂತ ಹಾಗೆ. ಕೆಳಗೆ ಹೋದರೆ ಕೆನೆ ಸಿಗ್ಲಿಕ್ಕುಂಟಾ? ಸೇದುವುದು ಕಡಿಮೆ ಮಾಡಿ, ತನ್ನಷ್ಟಕ್ಕೆ ತುಂಬ್ತದೆ."

"ಸೇದುವುದು ಕಡಿಮೆ ಮಾಡ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ" ಎಂದರು ಅಪ್ಪ. "ಜನ ಬರ್ತಾರೆ."

"ಹಾಗಾದರೆ ನನ್ನ ಕೈಯಿಂದ ಆಗುವುದಿಲ್ಲ." ಮುದುಕರು ಹೆಗಲ ಮೇಲಿನ ಬೈರಾಸು ಕೊಡವಿ ಎದ್ದು ಹೋದರು.

ಅಪ್ಪ ಅವರನ್ನು ಸೋಮಾರಿ ಎಂದರು. ನಗರದಿಂದ ಇಬ್ಬರು ಆಳುಗಳನ್ನು ಕರೆತಂದು ಮೂರು ಕೋಲು ಆಳಕ್ಕೆ ತೋಡಿಸಿದರು. ದಿನಾ ಜಗಳವಾಡುವವಳು ಅಂದು ಬಾಯಿ ಬಿಡಲಿಲ್ಲ. ಮುದುಕರ ಮಾತು ನಿಜವಿರಬಹುದು ಎಂದು ಕೇಳಿದಾಗಲೇ ಅನಿಸಿತ್ತು. ಆದರೂ ನೀರು ಹೆಚ್ಚಾದರೆ ಜಗಳವಾದರೂ ನಿಲ್ಲುತ್ತದೆ ಎಂದುಕೊಂಡೆ.

ನೀರು ಬಂತು. ಎಷ್ಟು ಬಂತೆಂದರೆ ಮೊಣಕಾಲವರೆಗೆ ಮುಳುಗಿದ ಆಳುಗಳು ಕೂಗುತ್ತ ಮೇಲೆ ಹತ್ತಿದರು. ಅಮ್ಮ ಅವತ್ತು ಪಾಯಸ ಮಾಡಿದಳು. ಬಸ್ಸಿನವರು ತಲೆಗೆ, ಮೈಗೆ, ಬಟ್ಟೆಗೆ ಬೇಕಾದಷ್ಟು ಸುರಿದುಕೊಂಡರು. "ನೋಡು, ಕೊಟ್ಟರೆ ಕಡಿಮೆಯಾಗುವುದಿಲ್ಲ" ಎಂದು ಅಮ್ಮ ನನ್ನ ಕೆನ್ನೆ ತಟ್ಟಿದಳು.

ಇಪ್ಪತ್ತು ದಿನಗಳ ಮೇಲೆ ಬಸಳೆಯ ಎಲೆಗಳ ಅಂಚು ಕಂದಿತು. ಬಿಸಿಲಿಗೆ ಅಂದಳು ಅಮ್ಮ. ಮಲ್ಲಿಗೆ ಗಿಡ ಮೊಗ್ಗು ಉದುರಿಸಿತು. ಅದಕ್ಕೂ ಬಿಸಿಲು. ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯಲಿಲ್ಲ. ಸೌದೆ ಹಸಿ ಅಂದಳು. ಒಂದು ಬೆಳಗ್ಗೆ ಅಪ್ಪ ಚಹಾ ಬಾಯಿಗಿಟ್ಟು ಲೋಟವನ್ನು ಮೆಲ್ಲನೆ ಕೆಳಗಿಟ್ಟರು. ಅಮ್ಮ ಬಾವಿಗೆ ಹೋಗಿ ಒಂದು ಬೊಗಸೆ ಕುಡಿದಳು, ಇನ್ನೊಂದು ಬೊಗಸೆ ಕುಡಿದಳು, ಆಮೇಲೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಅಪ್ಪ ತೋಡಿಸಿದಷ್ಟಕ್ಕೂ ಮತ್ತೆ ಮರಳು ತುಂಬಿಸಿ ನೋಡಿದರು. ಮಳೆಗಾಲಕ್ಕೆ ಸ್ವಲ್ಪ ಸಿಹಿಯಾಯಿತು, ನಂಬಿದೆವು. ನವೆಂಬರಿಗೆ ಮತ್ತೆ ಉಪ್ಪು. ಅಪ್ಪ ಆ ಮುದುಕರ ಮನೆಗೆ ಹೋಗಿ ಕೈಮುಗಿದರಂತೆ. ಅವರು, "ಇನ್ನು ನೀವು ಇರುವಷ್ಟು ಕಾಲ ಆಶೆ ಬೇಡ ಧನಿ" ಎಂದರಂತೆ.

ಕುಡಿಯುವ ನೀರಿಗೆ ಉಳಿದದ್ದು ಆ ಬೀಗದ ಬಾವಿಯೊಂದೇ. ಅಮ್ಮ ಸೆರಗು ಹೊದ್ದು ಅಕ್ಕನ ಮನೆಗೆ ಹೊರಟಳು, ನಾನು ಹಿಂದಿನಿಂದ. ಅಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಅವರು ಹಂಗಿಸಲಿಲ್ಲ. ಹಂಗಿಸಿದ್ದರೆ ನನಗೆ ಹಿತವಾಗುತ್ತಿತ್ತು.

"ದಿನಕ್ಕೆ ಎರಡು ಕೊಡಪಾನ ತೆಕ್ಕೊಂಡು ಹೋಗು. ನನ್ನ ಮನೆಯಲ್ಲೂ ಏಳು ಬಾಯಿ ಉಂಟು. ಆದರೆ ಹೊರಗಿನವರಿಗೆ ಒಂದು ತೊಟ್ಟು ಕೊಟ್ಟದ್ದು ಗೊತ್ತಾದರೆ ಮರುದಿನದಿಂದ ಬರಬೇಡ. ನಿನ್ನ ಕೈ ಎಂಥದ್ದು ಅಂತ ನನಗೆ ಗೊತ್ತುಂಟು."

ಅಮ್ಮ ಸರಿ ಎಂದಳು.

ಜನವರಿಯ ಒಂದು ಬೆಳಗ್ಗೆ. ಅಕ್ಕನ ಮನೆಯಿಂದ ನಾವಿಬ್ಬರೂ ಸೊಂಟದಲ್ಲಿ ಒಂದೊಂದು ಕೊಡಪಾನ ಇಟ್ಟುಕೊಂಡು ಬರುತ್ತಿದ್ದೆವು. ತೆಂಗಿನ ಕೆಳಗೆ ಬಸ್ಸು ನಿಂತಿತ್ತು. ಘಟ್ಟದ ಮೇಲಿನ ಯಾವುದೋ ಹೆಣ್ಣುಮಕ್ಕಳ ಶಾಲೆ. ಒಂದಷ್ಟು ಮಕ್ಕಳು ನಮ್ಮ ಬಾವಿಯ ನೀರು ಬಾಯಿಗೆ ಹಾಕಿ ಥೂ ಎಂದು ಉಗುಳುತ್ತಿದ್ದರು. ಎರಡು ಜಡೆಯ ಒಬ್ಬಳು, ಹತ್ತು ವರ್ಷ ಇರಬೇಕು, ಓಡಿ ಬಂದು ಅಮ್ಮನ ಎದುರು ನಿಂತಳು.

"ಅಮ್ಮಾ, ಕುಡಿಯಕ್ಕೆ ಸ್ವಲ್ಪ ನೀರು ಕೊಡ್ತೀರಾ?"

ಅಮ್ಮ ನಿಂತಳು. ಹಿಂದೆ ಬೇಲಿಯಾಚೆ ಅಕ್ಕನ ಸೊಸೆ ಬಟ್ಟೆ ಹರವುತ್ತಿದ್ದಳು, ಅವಳ ಕೈ ನಿಂತದ್ದು ನನಗೆ ಕಂಡಿತು. ಅಮ್ಮನಿಗೂ ಕಂಡಿರಬೇಕು. ಕೊಡಪಾನದ ಬಾಯಿಂದ ತುಳುಕಿದ ನೀರು ಅಮ್ಮನ ಸೀರೆಯ ಮೇಲೆ ಇಳಿಯುತ್ತಿತ್ತು. ಹುಡುಗಿ ಅದನ್ನೇ ನೋಡುತ್ತಿದ್ದಳು.

"ನೀರು ಇಲ್ಲ ಮಗಾ" ಎಂದಳು ಅಮ್ಮ.

ಹುಡುಗಿಗೆ ಅರ್ಥವಾಗಲಿಲ್ಲ. ಕೊಡಪಾನ ನೋಡಿದಳು, ಅಮ್ಮನ ಮುಖ ನೋಡಿದಳು. ಅಷ್ಟರಲ್ಲಿ ಅವರ ಟೀಚರ್ ಬಂದು ಅವಳ ಕೈ ಹಿಡಿದು ಎಳೆದರು. "ಬಾರೇ, ಈ ಕಡೆಯವರು ಹೀಗೇ. ತುಂಬಿದ ಕೊಡ ಇಟ್ಕೊಂಡು ಇಲ್ಲ ಅಂತಾರೆ."

ಅವರಿಗೆ ಉತ್ತರ ಕೊಡಬೇಕಿತ್ತು. ಒಂಬತ್ತು ವರ್ಷಗಳ ಲೆಕ್ಕವನ್ನೇ ಅವರ ಮುಖಕ್ಕೆ ಎಸೆಯಬೇಕಿತ್ತು. ಕೋಪಕ್ಕೆ ಹೆಸರಾದ ನಾನು ಕೊಡಪಾನವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡೆ, ಅಷ್ಟೆ. ಈ ಒಂದು ಮಾತನ್ನು ಅಮ್ಮನ ಬಾಯಿಂದ ಹೊರಡಿಸಲು ಎಷ್ಟು ವರ್ಷ ಹಟ ಮಾಡಿದ್ದೆ. ಅವಳು ಅದನ್ನು ಹೇಳಿದಾಗ, ದೇವರೇ, ಇವಳ ಬಾಯಿಂದ ಇದನ್ನು ಇನ್ನೊಮ್ಮೆ ಹೇಳಿಸಬೇಡಪ್ಪಾ ಅನಿಸಿತು.

ಅಮ್ಮ ಅಡುಗೆಮನೆಗೆ ಹೋಗಿ ಕೊಡಪಾನ ಇಳಿಸಿ, ತಟ್ಟೆ ಮುಚ್ಚಿದಳು. ಅಳಲಿಲ್ಲ. ಅವತ್ತು ರಾತ್ರಿ ಗಂಜಿ ಬಡಿಸಿದಾಗ ತಾನು ಮಾತ್ರ ಉಪ್ಪು ಬಾವಿಯ ನೀರನ್ನೇ ಚೆಂಬಿನಲ್ಲಿ ಇಟ್ಟುಕೊಂಡಿದ್ದಳು. ಬೇಡ ಎಂದು ಅಪ್ಪ ಕೈ ಹಿಡಿದರು. ಅಮ್ಮ ಕೈ ಬಿಡಿಸಿಕೊಂಡು ಅದನ್ನು ಪೂರ್ತಿ ಕುಡಿದಳು.