ಓರಿನ್ ಮಲಗುತ್ತಿದ್ದ ಬದಿ

ವರ್ನಾಳ ಮನೆಗೆ ಆರು ಚಕ್ರಗಳಿದ್ದವು. ಹಳೆಯ ಬಸ್ಸು. ಮುಂದೆ ಡ್ರೈವರ್ ಸೀಟು, ನಡುವೆ ಒಲೆ, ಹಿಂದೆ ಮಂಚ. ಎಂಜಿನ್ ಇದ್ದದ್ದು ಮಂಚದ ಕೆಳಗೆ. ಹಾಸಿಗೆ ಎತ್ತಿ ಹಲಗೆ ತೆಗೆದರೆ ಮಾತ್ರ ಕಾಣುತ್ತಿತ್ತು.

ಅವಳ ಗಂಡ ಓರಿನ್ ಸತ್ತದ್ದು ಆ ಹಾಸಿಗೆಯ ಮೇಲೆ. ಜನವರಿಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ. ಅಂದಿನಿಂದ ವರ್ನಾ ಹಾಸಿಗೆ ಎತ್ತಿರಲಿಲ್ಲ. ಅವನ ಬದಿಯ ದಿಂಬನ್ನೂ ಕದಲಿಸಿರಲಿಲ್ಲ.

ಅವಳು ಅಮೆರಿಕದ ಉತ್ತರ ಡಕೋಟಾದವಳು. ಎಂಟನೇ ತರಗತಿಗೆ ಶಾಲೆ ಬಿಟ್ಟಳು. ಬೀಟ್ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಚೀಲ ಹೊಲಿದಳು. ಓರಿನ್ ಅಲ್ಲೇ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮಕ್ಕಳಾಗಲಿಲ್ಲ. ಕೆಲಸ ಬಿಟ್ಟ ವರ್ಷ ಮನೆ ಮಾರಿ ಬಸ್ಸು ಕೊಂಡರು. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ಬೇಸಿಗೆಗೆ ಬೆಟ್ಟದ ಮೇಲಿನ ಪೈನ್ ಕಾಡು. ಹನ್ನೊಂದು ವರ್ಷ ಹೀಗೆ. ಅವಳು ಓಡಿಸುತ್ತಿದ್ದಳು, ಅವನು ರಿಪೇರಿ ಮಾಡುತ್ತಿದ್ದ.

ಏಪ್ರಿಲ್ ಹದಿನೈದರೊಳಗೆ ಮರಳುಗಾಡಿನಲ್ಲಿ ಗಾಡಿ ನಿಲ್ಲಿಸಿ ಬೀಡುಬಿಟ್ಟವರೆಲ್ಲ ಏಳಬೇಕು. ಆಮೇಲಿನ ಬಿಸಿಲಿಗೆ ತಗಡಿನ ಗೂಡಿನಲ್ಲಿ ಮನುಷ್ಯರು ಉಳಿಯುವುದಿಲ್ಲ. ಆದರೆ ವರ್ನಾಳ ಬಸ್ಸು ಬೆಟ್ಟಕ್ಕೆ ಹೋಗುವ ಘಾಟಿ ಹತ್ತುತ್ತಿರಲಿಲ್ಲ. ಫೆಬ್ರವರಿಯಲ್ಲಿ ನೀರು ತುಂಬಿಸಲು ಹೊರಟಾಗ ಮೊದಲ ಏರಿನಲ್ಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ತಿರುಗಿ ಬಂದಳು. ಎಂಜಿನ್ನಿನ ಬ್ಯಾಟರಿಯೂ ಎರಡು ದಿನಕ್ಕೊಮ್ಮೆ ಸಾಯುತ್ತಿತ್ತು. ಹದಿನೈದಕ್ಕೆ ಬಸ್ಸು ಏಳದಿದ್ದರೆ ಅದು ಗುಜರಿಗೆ, ಅವಳು ತಂಗಿಯ ಊರಿನ ವೃದ್ಧಾಶ್ರಮಕ್ಕೆ. ತಂಗಿ ಆಗಲೇ ಕೋಣೆ ಗೊತ್ತು ಮಾಡಿದ್ದಳು.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಯಾರಿಗೂ ಗೊತ್ತಿರಲಿಲ್ಲ.

ಓರಿನ್ ಹೋದ ಮೂರನೆಯ ವಾರ, ಒಂದು ಮಧ್ಯಾಹ್ನ, ಅವಳು ತನ್ನ ಬದಿಯಲ್ಲಿ ಮಲಗಿ ಕೈ ಚಾಚಿದಳು. ಅವನ ಬದಿ ಬೆಚ್ಚಗಿತ್ತು. ಬಿಸಿಲಿನ ಬಿಸಿಯಲ್ಲ, ಪರದೆ ಎಳೆದಿತ್ತು. ಅವನ ಭುಜ ಇರುತ್ತಿದ್ದ ಕಡೆ, ಊಟದ ತಟ್ಟೆಯಷ್ಟಗಲ. ಈಗಷ್ಟೇ ಎದ್ದು ಹೋದವನ ಬಿಸಿ.

ಮರುದಿನ ಹನ್ನೊಂದಕ್ಕೆ ಹಾಸಿಗೆಯ ಅಡಿಯಿಂದ ಟಕ್ ಎಂದಿತು. ಆಮೇಲೆ ಜಾಗ ಬೆಚ್ಚಗಾಗತೊಡಗಿತು. ಇಳಿಹೊತ್ತಿಗೆ ಮತ್ತೆ ಟಕ್. ತಣ್ಣಗಾಯಿತು. ದಿನವೂ ಹಾಗೆಯೇ. ಮೋಡ ಕವಿದ ದಿನ ಮಾತ್ರ ಅವನು ಬರುತ್ತಿರಲಿಲ್ಲ.

ವರ್ನಾ ಕೂಗಲಿಲ್ಲ. ಪಾದ್ರಿಯನ್ನು ಕರೆಸಲಿಲ್ಲ. ಹನ್ನೊಂದಕ್ಕೆ ಹೋಗಿ ಮಲಗಿ ಕೈ ಇಟ್ಟುಕೊಂಡಿರುತ್ತಿದ್ದಳು. ನಾಲ್ಕಕ್ಕೆ ಎಲ್ಲರೂ ಹೊರಗೆ ಕುರ್ಚಿಗಳನ್ನು ದುಂಡಗೆ ಹಾಕಿ ಬಿಯರ್ ಕುಡಿಯುತ್ತಾ ನಗುವುದು ಕೇಳುತ್ತಿತ್ತು. ಹೋಗುತ್ತಿರಲಿಲ್ಲ.

ದಿನ ಕಳೆದಂತೆ ಬಿಸಿ ಹೆಚ್ಚಿತು. ಮಾರ್ಚ್ ಕೊನೆಗೆ ಅಲ್ಲಿ ಬಹಳ ಹೊತ್ತು ಕೈ ಇಡಲಾಗುತ್ತಿರಲಿಲ್ಲ. ವಾಸನೆಯೂ ಬಂತು. ಬಾಯ್ಲರ್ ಪಾಳಿ ಮುಗಿಸಿ ಬಂದ ಓರಿನ್‌ನ ಅಂಗಿಯ ವಾಸನೆ.

ಏಪ್ರಿಲ್ ಹತ್ತರಂದು ಟ್ವೈಲಾ ಬಂದಳು. ಪಕ್ಕದ ಟ್ರೇಲರಿನವಳು, ಅವಳೂ ಎಪ್ಪತ್ತರ ಹತ್ತಿರದವಳು. ನೆಬ್ರಾಸ್ಕಾದಲ್ಲಿ ಶಾಲೆಯ ಬಸ್ಸುಗಳ ಮೆಕ್ಯಾನಿಕ್ ಆಗಿದ್ದಳು. ಬಾಗಿಲು ತಟ್ಟದೆ ಒಳಗೆ ಬಂದಳು.

"ಏನೇ, ಜೀವ ಇದ್ಯೋ ಇಲ್ವೋ? ಎಲ್ರೂ ಗಂಟುಮೂಟೆ ಕಟ್ತಿದ್ದಾರೆ, ನೀನು ಕಳ್ಳಿ ಗಿಡದ ಥರ ಬೇರು ಬಿಟ್ಕೊಂಡು ಕೂತಿದ್ದೀಯ."

"ಎಂಜಿನ್ ಕಾದು ಹೋಗುತ್ತೆ. ಬ್ಯಾಟರೀಲಿ ಚಾರ್ಜು ನಿಲ್ಲಲ್ಲ."

"ಅದಕ್ಕೇ ಬಂದೆ. ಹಾಸಿಗೆ ಎತ್ತು."

"ಹೊರಗಿಂದಲೇ ನೋಡು."

"ನೋಡಿ ಆಯ್ತು ಮಾರಾಯ್ತಿ. ಹೊರಗಿಂದ ನಿನ್ನ ರೇಡಿಯೇಟರ್ ಮದುಮಗಳ ಹಾಗೆ ಲಕಲಕ ಅಂತಿದೆ. ಕೊಳೆ ಇರೋದು ಒಳಮೈಗೆ. ಎಂಜಿನ್ ಉಸಿರು ಬಿಡೋ ಕೊಳವೆಯಿಂದ ಎಣ್ಣೆ ತೊಟ್ಟಿಕ್ಕುತ್ತೆ, ಫ್ಯಾನು ಅದನ್ನ ಎರಚುತ್ತೆ, ಮೇಲೆ ಈ ಮರಳುಗಾಡಿನ ಧೂಳು. ಗಾಳಿ ಆಡ್ಬೇಕಾದ್ರೂ ಎಲ್ಲಿಂದ? ಎತ್ತೇ."

"ಬೇಡ."

"ಯಾಕೆ?"

"ಅವನಿದ್ದಾನೆ ಅಲ್ಲಿ."

ಟ್ವೈಲಾ ನಗಲಿಲ್ಲ. ಅವಳೂ ಗಂಡನನ್ನು ಕಳೆದುಕೊಂಡವಳೇ. ವರ್ನಾ ಗಡಿಯಾರ ತೋರಿಸಿದಳು. ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಇಬ್ಬರೂ ಮಂಚದ ಪಕ್ಕ ನಿಂತರು.

ಟಕ್.

"ಅಯ್ಯೋ ದೇವರೇ," ಎಂದಳು ಟ್ವೈಲಾ. ಅವಳೂ ಅಂಗೈ ಇಟ್ಟಳು. ಬಿಸಿ ನಿಧಾನ ಏರಿತು. ಕೊನೆಗೆ ಟ್ವೈಲಾ ಬಗ್ಗಿ ಮೂಸಿದಳು. ಮುಖ ಬಿಗಿಯಾಯಿತು.

"ವರ್ನಾ, ಬೇಕಾದ್ರೆ ನನ್ನ ಹೊಡಿ. ಈಗಲೇ ಎತ್ಬೇಕು. ಇದು ಮರ ಸುಡೋ ವಾಸನೆ ಕಣೇ."

ವರ್ನಾ ತಾನೇ ಎತ್ತಿದಳು. ಬೇರೆಯವರು ಅವನ ಬದಿ ಮುಟ್ಟುವುದು ಅವಳಿಗೆ ಬೇಕಿರಲಿಲ್ಲ.

ಹಲಗೆಯ ಅಡಿಮೈ ಸೀದ ಬ್ರೆಡ್ಡಿನಂತೆ ಕಪ್ಪಾಗಿತ್ತು. ಅದರ ಕೆಳಗೆ ಮುಷ್ಟಿ ಗಾತ್ರದ ಉಕ್ಕಿನ ಡಬ್ಬಿ. ಟ್ವೈಲಾ ಬೆರಳು ತಾಗಿಸಿ ಬೈದಳು. ಅದು ಸೊಲೆನಾಯ್ಡ್, ಎರಡು ಬ್ಯಾಟರಿಗಳ ನಡುವಿನ ಸ್ವಿಚ್ಚು. ಬಿಸಿಲೇರಿ ಚಾವಣಿಯ ಸೋಲಾರಿನಿಂದ ಮನೆಯ ದೀಪಗಳ ಬ್ಯಾಟರಿ ತುಂಬಿದರೆ ಟಕ್ ಎಂದು ಎಂಜಿನ್ನಿನ ಬ್ಯಾಟರಿಯನ್ನೂ ಕೂಡಿಸಬೇಕು. ಬಿಸಿಲಿಳಿದರೆ ಬಿಡಿಸಬೇಕು. ಓರಿನ್ ಹಾಗೆ ಜೋಡಿಸಿದ್ದ.

"ಎಲ್ಲಿ ತಂದಿದ್ದ ಇದನ್ನ?"

"ಸಂತೇಲಿ. ಹಳೇ ಸಾಮಾನಿನ ಮೇಜಿಂದ. ನವೆಂಬರಲ್ಲಿ."

"ಇದು ಎಂಜಿನ್ ಸ್ಟಾರ್ಟ್ ಮಾಡೋ ಥರದ್ದು. ಎರಡು ಸೆಕೆಂಡು ಹಿಡಿದು ಬಿಡೋಕೆ ಮಾಡಿರೋದು. ನಿನ್ನ ಗಂಡ ಇದಕ್ಕೆ ಇಡೀ ದಿನ ಹಿಡ್ಕೊಂಡಿರು ಅಂದಿದ್ದಾನೆ. ನೋಡೋಕೆ ಇದೂ ಇಡೀ ದಿನ ಹಿಡಿಯೋ ಥರದ್ದೂ ಒಂದೇ, ಇಲ್ಲಿ ಅರ್ಧ ಗಂಡಸರು ಈ ತಪ್ಪು ಮಾಡ್ತಾರೆ. ಒಳಗೆಲ್ಲ ಸುಟ್ಟಿದೆ. ಚಾರ್ಜು ಆ ಕಡೆ ದಾಟ್ತಾನೇ ಇಲ್ಲ, ಬರೀ ಬಿಸಿ ಏರ್ತಿದೆ."

"ಓರಿನ್ ತಪ್ಪು ಮಾಡೋನಲ್ಲ."

"ಮಾಡಿದ್ದಾನಲ್ಲೇ. ಇನ್ನೊಂದು ವಾರ ಬಿಟ್ಟಿದ್ರೆ ಹಾಸಿಗೆ ಸಮೇತ ಬೂದಿ ಆಗ್ತಿದ್ದೆ. ವಾಸನೆ ನಿನಗೆ ಬರ್ಲಿಲ್ವಾ?"

"ಬರ್ತಿತ್ತು."

"ಬರ್ತಿತ್ತಾ? ಆಮೇಲೂ ಅಲ್ಲೇ ಮಲಗ್ತಿದ್ಯಾ?"

ವರ್ನಾ ಕಪ್ಪಾದ ಹಲಗೆಯ ಮೇಲೆ ಕೈಯಾಡಿಸಿದಳು. ಟ್ವೈಲಾ ಅವಳನ್ನೇ ನೋಡಿದಳು. ಮತ್ತೆ ಕೇಳಲಿಲ್ಲ.

"ಬಿಸಿಲಿಳಿಯೋವರೆಗೆ ಇರಲಿ," ಎಂದಳು ವರ್ನಾ. "ಇವತ್ತೊಂದು ದಿನ."

"ಆಗಲ್ಲ."

"ಹಾಗಾದ್ರೆ ಸ್ಪ್ಯಾನರ್ ಕೊಡು. ನಾನೇ ತೆಗೀತೀನಿ."

ಹಳೆಯ ಬಟ್ಟೆಯಿಂದ ಡಬ್ಬಿಯನ್ನು ಹಿಡಿದುಕೊಂಡಳು. ಟ್ವೈಲಾ ತೋರಿಸಿದ ಸಣ್ಣ ತಂತಿಯನ್ನು ಮೊದಲು ಬಿಚ್ಚಿದಳು. ಅವಳ ಕೈಯೊಳಗೆ ಅದು ಟಕ್ ಎಂದಿತು.

ಮುಂದಿನ ಮೂರು ದಿನ ಇಬ್ಬರೂ ಎಂಜಿನ್ ಗುಂಡಿಯಲ್ಲಿ ಮಂಡಿಯೂರಿ ರೇಡಿಯೇಟರಿನ ಒಳಮೈ ತೊಳೆದರು. ಕಪ್ಪು ಕಂಬಳಿಯಂಥ ಕೊಳೆ ಪದರ ಪದರವಾಗಿ ಬಂತು. ಟ್ವೈಲಾ ಕೊಳವೆಯ ಬಾಯಿಗೆ ರಬ್ಬರ್ ಪೈಪು ಸಿಕ್ಕಿಸಿ, ಎಣ್ಣೆ ಫ್ಯಾನಿಗೆ ಬೀಳದಂತೆ ಹಿಂದಕ್ಕೆ ತಿರುಗಿಸಿದಳು. ಸರಿಯಾದ ಸೊಲೆನಾಯ್ಡ್ ತಂದು, ಮರದಿಂದ ದೂರ, ಕಬ್ಬಿಣದ ಗೋಡೆಗೆ ಬಿಗಿದಳು.

ಹದಿಮೂರರಂದು ಹನ್ನೊಂದಕ್ಕೆ ಮತ್ತೆ ಟಕ್ ಎಂದಿತು. ವರ್ನಾ ಕೈ ಇಟ್ಟಳು. ತಣ್ಣಗಿತ್ತು. ಬೇರೆ ಯಾರೋ ಅವನ ಅಂಗಿ ತೊಟ್ಟು ಬಂದ ಹಾಗಾಯಿತು.

ಹದಿನಾಲ್ಕರ ಬೆಳಗ್ಗೆ ಬಸ್ಸು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ಘಾಟಿಯ ಮೇಲೆ ನಿಲ್ಲಿಸು," ಎಂದಳು ಟ್ವೈಲಾ. "ಎಲ್ರೂ ನಿಲ್ಲಿಸ್ತಾರೆ. ಎಂಜಿನ್ ಆರಲಿ, ಕಾಫಿ ಕುಡಿಯೋಣ."

ಟ್ವೈಲಾ ಮುಂದೆ ಹೊರಟಳು. ಏರು ಬಂದಂತೆ ಮುಳ್ಳು ಮೇಲೇರಿತು. ನೂರ ತೊಂಬತ್ತು ಫ್ಯಾರನ್‌ಹೀಟ್. ಇನ್ನೂರು. ಇನ್ನೂರ ಐದು. ವರ್ನಾ ಗೇರ್ ಇಳಿಸಿದಳು. ಒಳಗನ್ನಡಿಯಲ್ಲಿ ಹಿಂದಿನ ಮಂಚ ಕಾಣುತ್ತಿತ್ತು. ಅವನ ಬದಿ ತಗ್ಗಾಗಿತ್ತು. ಹನ್ನೊಂದು ವರ್ಷದ ಹಾಸಿಗೆ ತಗ್ಗಾಗಿಯೇ ಇರುತ್ತದೆ ಎಂದುಕೊಂಡಳು. ಮತ್ತೆ ನೋಡಲಿಲ್ಲ. ಮುಳ್ಳು ಕೆಂಪು ಮುಟ್ಟದೆ ಇನ್ನೂರ ಐದರಲ್ಲೇ ನಿಂತಿತು.

ಮೇಲೆ, ರಸ್ತೆ ಬದಿಯಲ್ಲಿ, ಟ್ವೈಲಾ ಫ್ಲಾಸ್ಕು ಹಿಡಿದು ಕೈ ಬೀಸುತ್ತಿದ್ದಳು. ವರ್ನಾ ವೇಗ ತಗ್ಗಿಸಿದಳು. ಘಾಟಿ ಹತ್ತಿದ ಎಂಜಿನ್ ಮೇಲೆ ಈಗ ಇಡೀ ಹಾಸಿಗೆ ಬೆಚ್ಚಗಿರುತ್ತದೆ. ಬಸ್ಸು ನಿಲ್ಲಿಸಿದರೆ ತಾನು ಹಿಂದಕ್ಕೆ ಹೋಗಿ ಮಲಗುತ್ತೇನೆ, ಮಲಗಿದರೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಾಲು ಆಕ್ಸಿಲರೇಟರ್ ಮೇಲಿಟ್ಟು ಅವಳು ಟ್ವೈಲಾಳನ್ನು ದಾಟಿ ಹೋದಳು.