ಬಿಕ್ಕಳಿಕೆ ಬಿಡಿಸುವ ದ್ಯಾಮವ್ವ

ದಾವಣಗೆರೆಯ ಆ ಓಣಿಯಲ್ಲಿ ಯಾರಿಗೇ ಬಿಕ್ಕಳಿಕೆ ಹತ್ತಲಿ, ಅರ್ಧ ತಾಸು ನೋಡಿ ದ್ಯಾಮವ್ವನಿಗೆ ಹೇಳಿ ಕಳಿಸುತ್ತಿದ್ದರು. ಖಾನಾವಳಿಯಲ್ಲಿ ರೊಟ್ಟಿ ತಟ್ಟುವ ಹೆಂಗಸು. ಮದ್ದು ಗೊತ್ತಿಲ್ಲ, ಮಂತ್ರ ಗೊತ್ತಿಲ್ಲ. ಗೊತ್ತಿದ್ದದ್ದು ಸುಳ್ಳು ಹೇಳುವುದೊಂದೇ. ಬಿಕ್ಕುವವರ ಮೇಲೆ ಇಲ್ಲದ ಅಪವಾದ ಹೊರಿಸಿದರೆ ಬೆಚ್ಚಿ ಬಿಕ್ಕಳಿಕೆ ಮರೆಯುತ್ತಾರೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ‘ಬೆಲ್ಲ ಕದ್ದು ತಿಂದ್ಯಾ’ ಎಂದರೆ ಈಗಿನ ಕೂಸೂ ಬೆಚ್ಚುವುದಿಲ್ಲ. ದ್ಯಾಮವ್ವನ ಸುಳ್ಳಿಗೆ ಕೈಕಾಲು ಇರುತ್ತಿದ್ದವು.

ಖಾನಾವಳಿಯ ಮಾಲೀಕ ಕೊಟ್ಟೂರೇಶ್ ವಿಭೂತಿ ಧರಿಸದೆ ಗಲ್ಲಾದ ಮೇಲೆ ಕೂತವರೇ ಅಲ್ಲ. ಒಮ್ಮೆ ಅವರಿಗೆ ಬಿಕ್ಕಳಿಕೆ ಹತ್ತಿದಾಗ ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ತುಂಬಿದ ಗಿರಾಕಿಗಳ ಮುಂದೆ ಕೂಗಿದಳು:

“ಮೊನ್ನೆ ಬಸ್ ಸ್ಟ್ಯಾಂಡ್ ಹಿಂದ ಕೋಳಿ ಕಾಲು ಕಡೀತಿದ್ದಿಯಂತಲ್ಲೋ! ಆಟೋ ಹಿದಾಯತ್ ನೋಡ್ಯಾನ!”

“ಯಾವನ್ಲೇ ಹಂಗಂದವ್ನು?” ಎಂದು ಕೊಟ್ಟೂರೇಶ್ ಎದ್ದು ನಿಂತರು. ಬಿಕ್ಕಳಿಕೆ ಹೇಳಹೆಸರಿಲ್ಲದೆ ಹೋಗಿತ್ತು.

“ಸಿಟ್ಟು ಮ್ಯಾಲೆ ಬಂದ್ರೆ ಬಿಕ್ಕಳಿಕೆ ಕೆಳಗಿಳೀತೈತ್ರಿ ಸಾವ್ಕಾರ್ರೆ,” ಎಂದು ಅವಳು ಮತ್ತೆ ಮರ್ಯಾದೆಗೆ ಬಂದು ಒಳಗೆ ಹೋದಳು. ಆಮೇಲೆ ವಾರಗಟ್ಟಲೆ ಓಣಿಯೆಲ್ಲ ಅದೇ ನಗೆ. ಯಾವ ಸುಳ್ಳಿಗೆ ಯಾರ ಬಿಕ್ಕಳಿಕೆ ನಿಂತಿತೆಂದು ಕೇಳುವುದೇ ಎಲ್ಲರಿಗೂ ಹಬ್ಬ.

ಅವಳಿಗೆ ಒಂದೇ ಒಂದು ಕಟ್ಟಳೆಯಿತ್ತು. ಸತ್ತವರ ಹೆಸರು ಸುಳ್ಳಿಗೆ ತರಬಾರದು. ಬದುಕಿದ್ದವರು ಬಂದು ಜಗಳಾಡುತ್ತಾರೆ, ಸತ್ತವರು ಹೇಗೆ ಬರುತ್ತಾರೋ ಯಾರು ಬಲ್ಲರು.

ಕಳೆದ ಮಹಾಲಯ ಅಮಾವಾಸ್ಯೆ ಮುಗಿದು ಐದನೇ ದಿನ ಹರಿಹರದಿಂದ ಪುಷ್ಪಲತಾ ಫೋನ್ ಮಾಡಿದಳು. ದ್ಯಾಮವ್ವನ ತಂಗಿ ಸುಧಾಳ ಮಗಳು, ಡಿಗ್ರಿ ಓದುವ ಹುಡುಗಿ. ಸುಧಾ ಹೊಳೆ ಪಾಲಾಗಿ ಏಳು ವರ್ಷ. ಮನೆಯಲ್ಲಿ ಈಗ ತಂದೆ ಗುರುಮೂರ್ತಿ, ಮಗಳು, ಇಬ್ಬರೇ.

“ದೊಡ್ಡವ್ವ, ಅವ್ವನ ಫೋಟೋ ಮುಂದೆ ಎಡೆ ಇಡುವಾಗ ಅಪ್ಪಂಗೆ ಬಿಕ್ಕಳಿಕೆ ಶುರುವಾತು. ಇನ್ನೂ ನಿಂತಿಲ್ಲ. ಊಟ ಇಲ್ಲ, ನಿದ್ದಿ ಇಲ್ಲ. ಇಂಜೆಕ್ಷನ್ ಕೊಟ್ರೆ ಅರ್ಧ ದಿನ, ಮತ್ತೆ ಅದೇ. ಅಪ್ಪನೂ ಹೋದ್ರೆ ನನಗ್ಯಾರದಾರೆ? ಬರ್ರಿ ದೊಡ್ಡವ್ವ.”

ಮಧ್ಯಾಹ್ನದ ಬಸ್ಸಿಗೆ ದ್ಯಾಮವ್ವ ಹರಿಹರದಲ್ಲಿದ್ದಳು. ಬಾಗಿಲಲ್ಲೇ ಸದ್ದು ಕೇಳಿತು. ಬಿಕ್ಕಳಿಕೆಯೆಂದರೆ ಮೈಯೊಳಗಿಂದ ಬರುವಂಥದ್ದು. ಇದು ಯಾರೋ ಹೊರಗೆ ನಿಂತು ಆ ಮನುಷ್ಯನನ್ನು ಹಿಡಿದು ಜಗ್ಗಿದಂತಿತ್ತು. ಮಂಚದ ಮೇಲೆ ಗುರುಮೂರ್ತಿ ಗೋಡೆಗೆ ಒರಗಿದ್ದ. ಕಣ್ಣು ಗುಳಿ ಬಿದ್ದಿದ್ದವು.

ಮನೆಮದ್ದೆಲ್ಲ ಆಗಿತ್ತು. ನಾಲಗೆ ಕೆಳಗೆ ಸಕ್ಕರೆ, ಉಸಿರು ಬಿಗಿಹಿಡಿದು ಏಳು ಗುಟುಕು ನೀರು, ನವಿಲುಗರಿ ಸುಟ್ಟ ಬೂದಿ ಜೇನುತುಪ್ಪದಲ್ಲಿ. ಯಾರೋ ನೆನೆಸುತ್ತಿದ್ದಾರೆಂದು ಪುಷ್ಪಲತಾ ಬಂಧುಬಳಗದವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿದ್ದಳು. ನೆನೆಸಿದವರ ಹೆಸರಿಗೆ ಬಿಕ್ಕಳಿಕೆ ನಿಲ್ಲಬೇಕು. ನಂದಿಗುಡಿಯ ಸೋದರತ್ತೆಯವರೆಗೂ ಹೇಳಿ ಮುಗಿಸಿದ್ದಳು. ಒಂದು ಹೆಸರು ಮಾತ್ರ ಅವಳ ಬಾಯಿಗೆ ಬಂದಿರಲಿಲ್ಲ.

ದ್ಯಾಮವ್ವ ತನ್ನ ವಿದ್ಯೆ ತೆಗೆದಳು. ಆಫೀಸಿನಲ್ಲಿ ಲಂಚ ಎಂದಳು, ಪಕ್ಕದ ಮನೆಯವಳ ಜೊತೆ ಸಿನಿಮಾ ಎಂದಳು. ಗುರುಮೂರ್ತಿ ಬಿಕ್ಕುತ್ತಲೇ ತಲೆಯಾಡಿಸಿದ. ಅಡುಗೆಮನೆಯಲ್ಲಿ ಪುಷ್ಪಲತಾ ಸದ್ದಿಲ್ಲದೆ ಅಳುತ್ತಿದ್ದಳು. ಮಗುವಿಗೆ ತಂದೆ ಉಳಿಯಬೇಕು, ಬೇರೆ ಏನಾದರೂ ಆಗಲಿ ಎಂದುಕೊಂಡು ದ್ಯಾಮವ್ವ ಕಟ್ಟಳೆ ಮುರಿದಳು.

ಸುಧಾ ಹಬ್ಬದ ಮುಂದೆ ಕೌದಿ ಒಗೆಯಲು ಗಂಡನ ಜೊತೆ ಹೊಳೆಗೆ ಹೋದವಳು. ತಾನು ದಂಡೆಯ ಮೇಲೆ ಬೈಕ್ ಹತ್ತಿರ ಇದ್ದೆ, ನೀರಿನ ಸದ್ದಿಗೆ ಏನೂ ಕೇಳಲಿಲ್ಲ ಎಂದು ಗುರುಮೂರ್ತಿ ಪೊಲೀಸರಿಗೆ, ನೆಂಟರಿಗೆ, ದ್ಯಾಮವ್ವನಿಗೆ ಎಲ್ಲರಿಗೂ ಹೇಳಿದ್ದ. ಯಾರೂ ಅನುಮಾನ ಪಟ್ಟಿರಲಿಲ್ಲ, ದ್ಯಾಮವ್ವನಂತೂ ಪಟ್ಟಿರಲೇ ಇಲ್ಲ. ಆದ್ದರಿಂದಲೇ ಅದನ್ನು ಆರಿಸಿಕೊಂಡಳು. ಇಂಥ ಮಾತಿಗೆ ಕಲ್ಲಿಗೂ ಸಿಟ್ಟು ಬರಬೇಕು.

ಮುಖದ ಹತ್ತಿರ ಬಗ್ಗಿ, ಮೆಲ್ಲಗೆ ಅಂದಳು: “ನನ್ನ ತಂಗಿ ಎರಡು ಸಲ ಕೂಗಿದ್ಲು. ನಿನಗೆ ಕೇಳಿಸಿತ್ತು.”

ಬಿಕ್ಕಳಿಕೆ ನಿಂತಿತು.

ದ್ಯಾಮವ್ವ ಬೈಗುಳಕ್ಕೆ ಕಾದಳು. ಅವನು ಏಳಲಿಲ್ಲ, ಬೈಯಲಿಲ್ಲ. ಐದು ದಿನದ ಮೇಲೆ ಮೊದಲ ಸಲ ನೀಳವಾಗಿ ಉಸಿರು ಬಿಟ್ಟ. ಮನೆ ಎಷ್ಟು ಸ್ತಬ್ಧವಾಗಿತ್ತೆಂದರೆ ಬೀದಿಯಲ್ಲಿ ಯಾರದೋ ಚಪ್ಪಲಿ ಸದ್ದು ಕೇಳುತ್ತಿತ್ತು.

“ಎರಡಲ್ಲಕ್ಕ, ಮೂರು ಸಲ,” ಅಂದ ಗುರುಮೂರ್ತಿ. “ಮೂರ್ನೇ ಸಲ ನನ್ ಹೆಸ್ರು ಹಿಡಿದು ಕೂಗಿದ್ಲು.”

ಹದಿನೈದು ವರ್ಷದ ಸಂಸಾರದಲ್ಲಿ ಸುಧಾ ಗಂಡನ ಹೆಸರೆತ್ತಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ನಾಚಿ ಮಗಳ ಕೈಲಿ ಹೇಳಿಸುತ್ತಿದ್ದಳು. ಹೆಸರು ಹಿಡಿದು ಕೂಗಿದಳೆಂದರೆ ನೀರು ಎಲ್ಲಿಗೆ ಬಂದಿತ್ತೆಂದು ಆ ಗಂಡಸಿಗೆ ತಿಳಿಯದೆ ಇರಲು ಸಾಧ್ಯವಿಲ್ಲ.

“ನೀ ಏನ್ ಮಾಡ್ದೆ?”

“ಕೂತೇ ಇದ್ದೆ,” ಅಂದ. “ಯಾಕ ಅಂತ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ.”

ಅಷ್ಟರಲ್ಲಿ ಪುಷ್ಪಲತಾ ಓಡಿ ಬಂದಳು. “ಅಪ್ಪಾ! ನಿಂತ್ಹೋತಾ?” ಅವನ ಎದೆಯ ಮೇಲೆ ಕೈಯಿಟ್ಟು ನೋಡಿದಳು, ದೊಡ್ಡವ್ವನನ್ನು ತಬ್ಬಿಕೊಂಡಳು. ಎಲ್ಲರೂ ಕೇಳುವುದನ್ನೇ ಅವಳೂ ಕೇಳಿದಳು: “ಏನಂದ್ರಿ ದೊಡ್ಡವ್ವ? ಯಾವ ಸುಳ್ಳು ಹೇಳಿದ್ರಿ?”

ತಂಗಿಗೆ ನ್ಯಾಯ ಬೇಕಿತ್ತು. ಹೇಳಿದರೆ ಈ ಹುಡುಗಿಗೆ ಇಂದೇ ತಂದೆಯೂ ಇಲ್ಲ. ದ್ಯಾಮವ್ವ ಅವಳ ಮುಖವನ್ನು ನೋಡಿದಳು. ಅದು ಸುಧಾಳ ಮುಖವೇ.

“ಎರಡ್ನೇ ಮದ್ವಿಗೆ ಹೆಣ್ಣು ನೋಡ್ಕಂಡ್ ಬಂದೀಯಂತಲ್ಲ ಅಂದೆ ನೋಡವ್ವ,” ಅಂದಳು.

ಪುಷ್ಪಲತಾ ಕಣ್ಣೀರು ಬರುವ ಹಾಗೆ ನಕ್ಕಳು. ಗುರುಮೂರ್ತಿಯೂ ನಕ್ಕ.

ಪುಷ್ಪಲತಾ ತಾಟು ಹಾಕಿದಳು. ಅವನು ಹಸಿದು ಉಂಡ, ಕೇಳಿ ಕೇಳಿ ಹಾಕಿಸಿಕೊಂಡ. ಹುಡುಗಿಯ ಒತ್ತಾಯಕ್ಕೆ ದ್ಯಾಮವ್ವನೂ ಅವನ ಪಕ್ಕದಲ್ಲೇ ಕೂತು ತುತ್ತು ಎತ್ತಬೇಕಾಯಿತು.

“ನೀವು ಬಂದಿದ್ದು ಅವ್ವನೇ ಬಂದಂಗಾತು ನೋಡ್ರಿ,” ಎನ್ನುತ್ತ ಪುಷ್ಪಲತಾ ಇನ್ನೊಂದು ಸೌಟು ಸಾರು ಬಡಿಸಿದಳು.

ಗುರುಮೂರ್ತಿಯ ಕೈ ತಾಟಿನಲ್ಲೇ ನಿಂತಿತು. ಅವನು ತಲೆಯೆತ್ತಿ, ಮಗಳಿಗೆ ಹೇಳಿಬಿಡುತ್ತಾಳೋ ಎಂದು ದ್ಯಾಮವ್ವನ ಬಾಯನ್ನೇ ನೋಡುತ್ತ ಕೂತ. ದ್ಯಾಮವ್ವ ತುತ್ತು ನುಂಗಿ, ಹುಡುಗಿಯ ಮಾತಿಗೆ ಹೌದೆಂದು ತಲೆಯಾಡಿಸಿದಳು.