ನೆಡ್ ಮಾವ ಎಸೆದ ಕೋಲು

ಬಾಗಿದ ಕೋಲಿನಿಂದ ಚೆಂಡು ಹೊಡೆದಾಡುವ ಆಟ ಹರ್ಲಿಂಗ್; ನಮ್ಮ ಕಿಲ್‌ಬ್ರ್ಯಾಕ್ ಊರಿನ ತಂಡದಲ್ಲಿ ನಾನು ಗೋಲು ಕಾಯುತ್ತಿದ್ದೆ. ನನ್ನ ಮುಂದೆ, ಬಲಮೂಲೆಯಲ್ಲಿ, ಲೋರ್ಕನ್ ಟೈನನ್ ಇರುತ್ತಿದ್ದ. ಅವನು ಗೋಲು ಹೊಡೆದದ್ದನ್ನು ಯಾರೂ ನೋಡಿಲ್ಲ. ಗೋಲಾಗದಂತೆ ತಡೆಯುವುದೇ ಅವನ ಕೆಲಸ.

ಮದುವೆಯಾದ ಮೇಲೆ ಅವನು ಹೊಳೆಯಾಚೆ, ಹೆಂಡತಿ ನೂಲಾಳ ಊರಾದ ಬಾಲಿನೂನ್‌ನಲ್ಲಿ ಮನೆ ಮಾಡಿದ. ಆ ಊರಿನ ತಂಡಕ್ಕೂ ನಮಗೂ ಅಜ್ಜಂದಿರ ಕಾಲದ ಪೈಪೋಟಿ. ನಮ್ಮಲ್ಲಿ ಬದುಕುವ ಊರಿಗೆ ಆಡಬಹುದು, ಹುಟ್ಟಿದ ಊರಿಗೂ ಆಡಬಹುದು. ಲೋರ್ಕನ್ ಸಂಜೆ ಸಂಜೆ ಸೈಕಲ್ ತುಳಿದು ನಮ್ಮ ಮೈದಾನಕ್ಕೇ ಬರುತ್ತಿದ್ದ.

ಅವನ ಮಾವ ನೆಡ್ ಕ್ಯಾಂಟ್‌ವೆಲ್‌ಗೆ ಇದು ನುಂಗಲಾರದ ತುತ್ತಾಯಿತು. ಎರಡೂ ಊರಿಗೆ ಆಟದ ಕೋಲು ಮಾಡಿಕೊಡುತ್ತಿದ್ದವನು ಅವನೇ. ಆ್ಯಶ್ ಮರದ ಬುಡವನ್ನು ಬೇರಿನ ಬಾಗು ಸಮೇತ ಸೀಳಿ ಕೋಲು ತೆಗೆಯುತ್ತಿದ್ದ.

“ನಮ್ಮೂರ ಅನ್ನ ತಿಂದು ನಮ್ಮ ಮೇಲೇ ಆಡ್ತಾನೆ. ಅವನಿಗೆ ನನ್ ಕೈಯಿಂದ ಇನ್ನೊಂದು ಕೋಲಿಲ್ಲ” ಎಂದುಬಿಟ್ಟ.

ಹಾಗೇ ನಡೆದುಕೊಂಡ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಮಗಳ ಮನೆಗೆ ಊಟಕ್ಕೆ ಬಂದರೂ ಅಳಿಯನೊಡನೆ “ಉಪ್ಪು ಕೊಡು” ಎಂಬುದಕ್ಕಿಂತ ಹೆಚ್ಚು ಮಾತಿಲ್ಲ. ಲೋರ್ಕನ್ ಬೇರೆಯವರ ಕೋಲು ಕೊಳ್ಳಲಿಲ್ಲ. ಹಿಂದೊಮ್ಮೆ ಏಟು ಬಿದ್ದು ಅವನ ಕಿರುಬೆರಳು ಸೊಟ್ಟಗಾಗಿತ್ತು. ಆ ಬೆರಳಿಗೆ ಹೊಂದುವಂತೆ ಹಿಡಿಯ ಒಂದು ಬದಿಯನ್ನು ಹೆರೆಯಲು ನೆಡ್‌ಗೆ ಮಾತ್ರ ಬರುತ್ತಿತ್ತು. ಹಳೆಯ ಕೋಲಿಗೇ ತಗಡಿನ ಪಟ್ಟಿ ಹೊಡೆದು, ಅದರ ಮೇಲೆ ಮತ್ತೊಂದು ಹೊಡೆದು, ವರ್ಷಗಟ್ಟಲೆ ಆಡಿದ.

“ಏನಯ್ಯಾ, ಅದರಲ್ಲಿ ಮರ ಇದೆಯೋ ಬರೀ ತಗಡೋ?” ಎಂದು ನಾವು ರೇಗಿಸುತ್ತಿದ್ದೆವು.

“ಮಾವನಷ್ಟೇ ಗಟ್ಟಿ ಇದೆ ಬಿಡೋ” ಎನ್ನುತ್ತಿದ್ದ. ನಗುತ್ತಿದ್ದನಾದರೂ ಕಣ್ಣು ನಗುತ್ತಿರಲಿಲ್ಲ.

ಕೊನೆಗೆ ಜಿಲ್ಲೆಯ ಫೈನಲ್‌ನಲ್ಲಿ ನಮಗೆ ಬಾಲಿನೂನ್ ಎದುರಾಯಿತು. ಇನ್ನೇನು ಆಟ ಮುಗಿಯಬೇಕು, ನಾವು ಒಂದೇ ಪಾಯಿಂಟ್ ಮುಂದಿದ್ದೆವು. ಅವರ ಹೊಡೆತಕ್ಕೆ ಲೋರ್ಕನ್ ಅಡ್ಡ ಹೋದ. ಚೆಂಡು ಗೋಲಿನ ಪಕ್ಕದಿಂದ ಗೆರೆಯಾಚೆ ಹೋಯಿತು, ಕೋಲು ಎರಡು ತುಂಡಾಯಿತು. ಅವರಿಗೆ ಮತ್ತೆ ಹೊಡೆಯುವ ಅವಕಾಶ. ನಮ್ಮವರು ಬೇರೆ ಕೋಲು ಹಿಡಿದು ಓಡಿಬರಬೇಕೆಂದರೆ ಮೈದಾನದ ಆ ತುದಿಯಿಂದ ಬರಬೇಕು. ಲೋರ್ಕನ್ ಬರಿಗೈಯಲ್ಲಿ ನಿಂತಿದ್ದ.

ಗೋಲಿನ ಹಿಂದೆ ಬಾಲಿನೂನ್‌ನವರ ಗುಂಪು. ಅದರೊಳಗಿಂದ ಒಂದು ಹೊಸ ಕೋಲು ಹಾರಿ ಅವನ ಕಾಲ ಬಳಿ ಬಿತ್ತು.

“ನೆಡ್, ತಲೆ ಕೆಟ್ಟಿದೆಯೇನೋ ನಿಂಗೆ!”

“ಬರಿಗೈಲಿ ನಿಂತೋನ್ನ ಗೆದ್ದು ಅದನ್ನ ಗೆಲುವು ಅಂತೀರಾ? ಮುಚ್ಚಿ ಬಾಯಿ!”

ಹೊಡೆತ ಬಂತು. ನಾನು ತಪ್ಪಿದೆ. ಲೋರ್ಕನ್ ಗೆರೆಯ ಮೇಲೇ ಚೆಂಡು ತಡೆದು ದೂರ ಹೊಡೆದ. ಆಟ ಮುಗಿದ ಸೀಟಿ ಕೇಳಿಸಿತು. ಎಲ್ಲರೂ ಅವನನ್ನು ಹೊತ್ತು ಕುಣಿದರು. ಅವನು ಮಾತ್ರ ಹಿಡಿಯ ಮೇಲೆ ಬೆರಳಾಡಿಸುತ್ತಿದ್ದ. ಒಂದು ಬದಿ ಹೆರೆದಿತ್ತು.

ಮರುದಿನ ಕೋಲು ಹಿಂದಿರುಗಿಸಲು ಹೊರಟವನು, ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದ. ನೆಡ್ ಮರ ಹೆರೆಯುತ್ತಿದ್ದ, ತಲೆಯೆತ್ತಲಿಲ್ಲ.

“ಬೆರಳಿಗೆ ಒತ್ತುತ್ತಾ?”

“ಇಲ್ಲ, ಮಾವ.”

“ಸುಳ್ಳು ಹೇಳ್ಬೇಡ. ಕೊಡು ಇಲ್ಲಿ.”

ಹಿಡಿಯನ್ನು ಇನ್ನಷ್ಟು ಹೆರೆದು, ಊದಿ, ಅಳಿಯನ ಕೈಗಿಟ್ಟು ಬೆರಳುಗಳನ್ನು ತಾನೇ ಮಡಿಸಿ ನೋಡಿದ.

“ವಯಸ್ಸಾಯ್ತು, ನಂದು ಆಟ ಮುಗೀತು ಮಾವ. ಇನ್ನು ಇದ್ಯಾಕೆ?”

“ಮುಗೀತು ಅಂತ ಯಾರು ಹೇಳಿದ್ದು? ನಮ್ಮ ಹುಡುಗರು ಸೇಡು ತೀರಿಸ್ಕೊಳ್ಳೋದು ಬೇಡ್ವಾ? ಬಾ ಒಳಗೆ, ಟೀ ಕುಡಿ.”

ಲೋರ್ಕನ್ ಇನ್ನೆರಡು ವರ್ಷ ಆ ಕೋಲಿನಲ್ಲಿ ಆಡಿದ. ಎರಡು ವರ್ಷವೂ ಬಾಲಿನೂನ್ ನಮ್ಮನ್ನು ಸೋಲಿಸಿತು. ಭಾನುವಾರದ ಊಟದಲ್ಲಿ ಮಾವ ಅವನನ್ನು ರೇಗಿಸಿದ್ದೇ ರೇಗಿಸಿದ್ದು. ಅವನು ಇನ್ನೊಂದು ಆಲೂಗಡ್ಡೆ ಬಡಿಸಿಕೊಂಡು ಕೇಳುತ್ತಾ ಕೂರುತ್ತಿದ್ದನಂತೆ.